ತಂಗಿಯ ರಿಪೋರ್ಟು, ನನ್ನ ಮೈ

ನನಗೆ ಆಗ ಅರವತ್ತೇಳು. ಹೋದ ವರ್ಷದ ಮಾತು. ಬಾಯಿ ಒಣಗುತ್ತಿತ್ತು. ಎಷ್ಟು ನೀರು ಕುಡಿದರೂ ದಾಹ ಹೋಗದು. ಬಚ್ಚಲಿಗೆ ಓಡಾಡಿ ಕಾಲು ಸೋತವು.

ನಾನು, ನನ್ನ ತಂಗಿ ಗೌರಿ, ಆಲೂರಿನ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅಣ್ಣನಿಗೆ ನಾನು, ತಮ್ಮನಿಗೆ ಅವಳು. ಇಬ್ಬರ ರಕ್ತದಲ್ಲೂ ಕೊಬ್ಬಿದೆ ಎಂದು ಆದೋನಿಯ ಡಾಕ್ಟರು ಒಂದೇ ಮಾತ್ರೆ ಬರೆದಿದ್ದರು. ಆಮೇಲಿನ ಟೆಸ್ಟಿಗೆಲ್ಲ ಹೋದವಳು ಗೌರಿ ಒಬ್ಬಳೇ. ಒಂದೇ ತಾಯಿಯ ಮಕ್ಕಳು, ಒಂದೇ ಒಲೆಯ ಊಟ, ಇಬ್ಬರನ್ನೂ ಚುಚ್ಚುವುದು ಯಾಕೆ ಎಂದು ಮನೆಯವರು. ಅವಳ ರಿಪೋರ್ಟು ಚೆನ್ನಾಗಿ ಬಂದರೆ ನಾನೂ ಚೆನ್ನಾಗಿದ್ದೇನೆ ಎಂದಾಯಿತು.

ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳಿಗೆ ಕಣ್ಣು ಮಂಜಾಯಿತು. ಆಗ ನನ್ನ ಬೆರಳು ಚುಚ್ಚಿ ರಕ್ತ ನೋಡಿದರು.

ಶುಗರ್.

"ಕದ್ದು ಬೆಲ್ಲ ತಿಂತಿಯೇನ್ಬೇ ಯವ್ವಾ?" ಅಂದ ಮಗ. ಸೊಸೆ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಆ ಮಾತ್ರೆ ಶುರುವಾದ ಮೇಲೇ ಹೀಗಾಗಿದ್ದು ಅಂದೆ ನಾನು. ಗೌರಿ ನನ್ನೆದುರೇ ಹೋಳಿಗೆ ಮುರಿಯುತ್ತ, "ನಾನೂ ಅದೇ ಮಾತ್ರಿ ನುಂಗ್ತೀನಲ್ಲಕ್ಕ, ನನಗ್ಯಾಕ ಏನೂ ಆಗಿಲ್ಲ?" ಅಂದಳು. ಮೈಯೆಲ್ಲ ಉರಿಯಿತು. ಈ ವಯಸ್ಸಿನಲ್ಲಿ ಕಳ್ಳಿ ಅನ್ನಿಸಿಕೊಳ್ಳುವುದಕ್ಕೆ ಆ ಮಾತ್ರೆ ಯಾಕೆ ನುಂಗಬೇಕು? ಬಿಟ್ಟೇಬಿಟ್ಟೆ.

ಮಗ ಆದೋನಿಗೆ ಎಳೆದುಕೊಂಡು ಹೋದ. ಅಲ್ಲಿಯೂ ಬೆಲ್ಲದ ಕಥೆ ತೆಗೆದ.

"ಬೆಲ್ಲ ಅಲ್ಲಿರ್ಲಿ," ಅಂದರು ಡಾಕ್ಟರು. "ಈ ಮಾತ್ರಿ ಕೊಬ್ಬು ಇಳಸ್ತೈತಿ. ಆದ್ರ ಕೆಲವರ ಮೈಯಾಗ ಶುಗರ್ ಹಿಡಿದಿಡೋ ಇನ್ಸುಲಿನ್ ಅನ್ನೋ ಹಾರ್ಮೋನಿನ ಕೆಲಸ ಮಂದ ಮಾಡ್ತೈತಿ. ಯಾರಿಗೆ ಹಂಗಾಗ್ತೈತಿ ಅನ್ನೋದು ಹುಟ್ಟಿನಿಂದ ಬಂದ ಜೀನ್ಸ್ ಮ್ಯಾಲೂ ಐತಿ. ಅಮ್ಮಗ ಶುಗರ್ ಮೊದಲೇ ಅಂಚಿನಾಗ ಇತ್ತೇನೋ. ನೋಡಿದ್ರ ತಾನೇ ಗೊತ್ತಾಗೋದು?"

"ಅಕ್ಕ-ತಂಗಿ ಅಲ್ಲೇನ್ರಿ ಸಾರ್? ಒಂದೇ ರಕ್ತ," ಅಂದ ಮಗ.

"ಇಬ್ಬರ ಮೂಗೂ ಒಂದೇ ಥರ ಐತೇನು?"

"ಆಕಿದು ಚಪ್ಪಟಿ," ಅಂದೆ ನಾನು.

ಡಾಕ್ಟರು ನಕ್ಕರು. ಮರುಗಳಿಗೆಗೆ ನನ್ನನ್ನೇ ಗದರಿದರು. ಗುಂಡಿಗೆಗೆ ಕೊಬ್ಬಿನ ಮಾತ್ರೆ ಬೇಕೇ ಬೇಕಂತೆ, ಕೇಳದೆ ಬಿಟ್ಟಿದ್ದು ತಪ್ಪಂತೆ. ಬೇರೆ ಬಗೆಯದು ಬರೆದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ರಕ್ತ ಕೊಡಿ ಅಂದರು. ಮಗ ಚೀಟಿ ಮಡಿಚಿ ಕಿಸೆಗಿಟ್ಟ.

ಚಿಕ್ಕಂದಿನಿಂದ ಅವಳ ಬಟ್ಟೆ ನಾನು, ನನ್ನದು ಅವಳು ಹಾಕಿಕೊಂಡು ಬೆಳೆದವರು. ಮೈಯೊಳಗೆ ನಾವು ಬೇರೆ ಬೇರೆ ಎಂದು ತಿಳಿಯುವುದಕ್ಕೆ ಇಷ್ಟೆಲ್ಲ ಬೈಗುಳ ತಿನ್ನಬೇಕಾಯಿತು. ಶುಗರ್ ಈಗಲೂ ಹೋಗಿಲ್ಲ. ಹಿಡಿತದಲ್ಲಿದೆ. ಅಷ್ಟು ಸಾಕು.

ಆದೋನಿಗೆ ಹೋಗಿಬಂದ ಮರುದಿನ ಬೆಳಿಗ್ಗೆ ಚಹಾ ಮುಟ್ಟದೆ ಲ್ಯಾಬಿಗೆ ಹೊರಟೆ. ರೂಢಿಯಂತೆ ಗೌರಿ ಚಪ್ಪಲಿ ಮೆಟ್ಟುತ್ತಿದ್ದಳು.

"ನೀ ಮನ್ಯಾಗ ಕೂಡು," ಅಂದೆ.

ಲ್ಯಾಬಿನಲ್ಲಿ ಸೂಜಿ ಹಿಡಿದ ಹುಡುಗಿ ಹೆಸರು ಕೇಳಿದಳು.

"ಶಾಂತಮ್ಮ," ಅಂದು ತೋಳು ಚಾಚಿದೆ.