ಅಗಳಿಯವರ ಫೈಲಿನ ಕೊನೆಯ ಸಾಲು

ನಮ್ಮ ಮೇಷ್ಟ್ರ ಬಲಗೈ ಅಂಚು ಕಿರುಬೆರಳಿನಿಂದ ಮಣಿಕಟ್ಟಿನವರೆಗೂ ಸದಾ ಬೆಳ್ಳಗಿರುತ್ತಿತ್ತು. ಬೋರ್ಡು ಒರೆಸುವ ಡಸ್ಟರು ಅವರ ಮೇಜಿನ ಮೇಲೆಯೇ ಇರುತ್ತಿತ್ತು, ಆದರೆ ಅವರು ಮುಟ್ಟುತ್ತಿರಲಿಲ್ಲ. ತಪ್ಪು ಬರೆದದ್ದನ್ನು ಅಂಗೈಯಂಚಿನಿಂದಲೇ ಅಳಿಸಿ, ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಸಂಜೆ ಕಾಲೇಜು ಬಿಡುವ ಹೊತ್ತಿಗೆ ಅವರ ಬಲತೊಡೆಯೂ ಬೆಳ್ಳಗಾಗಿರುತ್ತಿತ್ತು. ಮನೆಯಲ್ಲಿ ಇದನ್ನು ನೋಡಿ ಬೈಯುವವರು ಯಾರೂ ಇಲ್ಲವೇನೋ ಎಂದು ಮೊದಲ ವಾರವೇ ನನಗೆ ಅನಿಸಿತ್ತು.

ನಾನು ಆಂಧ್ರದ ಗಡಿಯೂರು ಅಗಳಿಯಿಂದ ಕಂಪ್ಯೂಟರ್ ಡಿಗ್ರಿ ಓದಲು ರಾಯದುರ್ಗಕ್ಕೆ ಬಂದವಳು. ಪಾಠ ತೆಲುಗಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ನನ್ನ ತಲೆ ಕನ್ನಡದಲ್ಲಿ. ಆ ಕನ್ನಡಕ್ಕೂ ಹಾಸ್ಟೆಲಿನಲ್ಲಿ ನಗುತ್ತಿದ್ದರು. ಸಿ ಭಾಷೆಯಲ್ಲಿ ಒಂದು ಸಲ ಫೇಲಾಗಿದ್ದೆ. ಎರಡನೇ ವರ್ಷದಲ್ಲಿ ಬೇರೆ ಬೇರೆ ಬಗೆಯ ಪ್ರೋಗ್ರಾಮಿಂಗ್ ಭಾಷೆಗಳದ್ದೇ ಒಂದು ಪೇಪರ್ ಬಂದಾಗ, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿಬಿಡೋಣ ಎಂದು ತೀರ್ಮಾನಿಸಿದ್ದೆ. ಆ ಪೇಪರನ್ನು ಬೇರೆ ಯಾವ ಮೇಷ್ಟ್ರೂ ಒಪ್ಪಿಕೊಳ್ಳುತ್ತಿರಲಿಲ್ಲವಂತೆ. ಇವರು ಒಪ್ಪಿಕೊಂಡಿದ್ದರು.

ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. “ಬರ್ರಿ, ಅಗಳಿಯವರೇ.” ಹದಿನೆಂಟು ವರ್ಷದ ನನಗೆ ಅಲ್ಲಿಯವರೆಗೆ ಯಾರೂ ಬಹುವಚನ ಕೊಟ್ಟಿರಲಿಲ್ಲ. ನಾನು ಹೆದರಿದ್ದು ಕಂಡು ಅವರು ಹೇಳಿದ್ದಿಷ್ಟೇ: “ಮನ್ಯಾಗ ಒಂದು, ಬಸ್ಸಿನ್ಯಾಗ ಒಂದು, ಕ್ಲಾಸಿನ್ಯಾಗ ಒಂದು, ದಿನಾ ಮೂರು ಭಾಷಿ ನಡಸ್ತೀರಿ. ಇನ್ನ ಮೂರಕ್ಕ ಯಾಕ ಅಂಜತೀರಿ?” ನಾನು ಗಂಟು ಕಟ್ಟುವುದನ್ನು ಒಂದು ವಾರ ಮುಂದೂಡಿದೆ.

ಭಾನುವಾರ ಹಾಸ್ಟೆಲು ಖಾಲಿಯಾಗುತ್ತಿತ್ತು. ನಮ್ಮೂರು ದೂರ, ಬಸ್ಸು ಬದಲಿಸಿ ಹೋಗಿಬರುವಷ್ಟರಲ್ಲಿ ಸೋಮವಾರ ಬಂದುಬಿಡುತ್ತಿತ್ತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರದ ಸಣ್ಣ ಹೋಟೆಲಿಗೆ ಹೋದರೆ ಗೋಡೆಯ ಪಕ್ಕದ ಮೇಜಿನಲ್ಲಿ ಮೇಷ್ಟ್ರು ಒಬ್ಬರೇ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದರು. “ಊರಿಗೆ ಹೋಗಲಿಲ್ರಿ?” ಎನ್ನುತ್ತಿದ್ದರು. “ಇಲ್ಲ ಸಾರ್.” “ನಾನೂ ಹೋಗ್ಲಿಲ್ಲ.” ಅವರ ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಬೇರೆ ಮೇಜಿನಲ್ಲಿ ಕೂತು ತಿಂದು ಏಳುತ್ತಿದ್ದೆ. ಡಿಗ್ರಿ ಮುಗಿಯುವವರೆಗೂ ಹಾಗೇ ನಡೆಯಿತು. ಎದುರಿಗೆ ಹೋಗಿ ಕೂರಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸಿ, ಜಾವಾ ಆದಮೇಲೆ ಪ್ರೋಲಾಗ್ ಎಂಬ ಭಾಷೆ ಬಂತು. ಅದರಲ್ಲಿ ಕೆಲಸ ಹೇಗೆ ಮಾಡಬೇಕೆಂದು ಹೇಳುವಂತಿಲ್ಲ. ಯಾವುದು ನಿಜವೋ ಅದನ್ನಷ್ಟೇ ಸಾಲುಸಾಲಾಗಿ ಬರೆದುಕೊಟ್ಟು ಪ್ರಶ್ನೆ ಕೇಳಬೇಕು, ಉತ್ತರ ಅದೇ ಹುಡುಕುತ್ತದೆ. ಅವರವರ ಮನೆತನ ಬರೆದು ತನ್ನಿ ಎಂದರು ಮೇಷ್ಟ್ರು. ಪುಸ್ತಕದಲ್ಲೂ ಒಂದು ಮನೆತನವಿತ್ತು. ಅಲ್ಲಿ ಒಬ್ಬರಿಗೆ ಒಂದೇ ಸಂಬಂಧ. ನಾನು ಬರೆದು, ನನ್ನ ಅತ್ತೆ ಯಾರು ಎಂದು ಕೇಳಿದರೆ ಯಂತ್ರ ನಮ್ಮಜ್ಜಿಯನ್ನು ತೋರಿಸಿತು. ಅವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು, ಅಂದರೆ ಅವ್ವನನ್ನು ಹೆತ್ತ ಅಜ್ಜಿ ಅಪ್ಪನ ಸ್ವಂತ ಅಕ್ಕ. ಇದು ನಮ್ಮ ಕಡೆ ಮನೆಮನೆಯಲ್ಲೂ ಇರುವಂಥದ್ದೇ. ಆದರೂ ಪರದೆಯ ಮೇಲೆ ಕಂಡಾಗ ಎಲ್ಲೋ ತಪ್ಪಿದ್ದೇನೆ ಎಂದು ಗಾಬರಿಯಾಯಿತು. ಅವರಿಬ್ಬರು ಅಕ್ಕತಮ್ಮ ಎಂಬ ಸಾಲನ್ನೇ ತೆಗೆದುಹಾಕಿದೆ. ಉತ್ತರ ಪುಸ್ತಕದ ಹಾಗೆ ಚೊಕ್ಕಟವಾಯಿತು.

ಮೇಷ್ಟ್ರು ನನ್ನ ಕಂಪ್ಯೂಟರಿನ ಮುಂದೆ ಕೂತು, ಅಪ್ಪನ ಒಡಹುಟ್ಟಿದವರು ಯಾರು ಎಂದು ಕೇಳಿದರು. ‘ನೋ’ ಎಂದಿತು ಯಂತ್ರ.

“ನಿಮ್ಮ ಅಪ್ಪ ಒಬ್ಬರೇ ಹುಟ್ಯಾರೇನ್ರಿ?”

“ಒಬ್ರು ಅಕ್ಕ ಅವ್ರೆ ಸಾರ್. ಅವ್ರೇ ನಮ್ಮಜ್ಜಿ. ಎರಡೆರಡು ಸಲ ಬರ್ತಾ ಇದ್ರು, ತಪ್ಪು ಅಂತ ತೆಗೆದ್ಬಿಟ್ಟೆ.”

“ಪುಸ್ತಕಕ್ಕ ಹೊಂದಲಿಲ್ಲಂತ ಅಜ್ಜಿನ್ನ ಕಿತ್ತು ಹಾಕಿದ್ರೇನ್ರಿ!” ಕ್ಲಾಸೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ. “ನೀವು ಬರೀಲಿಲ್ಲಂದ್ರ ಅದು ‘ಗೊತ್ತಿಲ್ಲ’ ಅನ್ನಂಗಿಲ್ಲ, ‘ಇಲ್ಲ’ ಅಂತೈತಿ. ಇದ್ದವರನ್ನ ಬರೀರಿ.”

ಹಿಂದಿನ ಬೆಂಚಿನಿಂದ ಯಾರೋ, “ಸಾರ್, ನಿಮ್ಮ ಮನೀದೂ ಬರೀರಿ” ಎಂದರು. ಮೇಷ್ಟ್ರು ನನ್ನ ಫೈಲಿನ ಕೊನೆಯಲ್ಲಿ ಒಂದೇ ಸಾಲು ಸೇರಿಸಿದರು. ಮೇಷ್ಟ್ರು ಎಂಬ ಒಬ್ಬ ಮನುಷ್ಯನಿದ್ದಾನೆ, ಅಷ್ಟೇ. ಅಪ್ಪ ಯಾರು, ಅಣ್ಣ ಯಾರು, ಮಕ್ಕಳು ಯಾರು ಎಂದು ತಾವೇ ಒಂದೊಂದಾಗಿ ಕೇಳಿದರು. ನೋ, ನೋ, ನೋ. “ನೋಡ್ರಿ, ಎಷ್ಟು ಸಣ್ಣ ಪ್ರೋಗ್ರಾಮು. ತಪ್ಪಾಗಾಕ ಜಾಗಾನ ಇಲ್ಲ,” ಎಂದು ಈ ಸಲ ಅವರೇ ನಕ್ಕರು. ನಮಗೆ ನಗು ಬರಲಿಲ್ಲ.

ಆ ಪೇಪರಿನಲ್ಲಿ ನಾನು ಪಾಸಾದೆ. ಈಗ ಮಡಕಶಿರದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ರಾಯದುರ್ಗ ಬಿಟ್ಟಮೇಲೆ ಒಂದು ಸಲವಾದರೂ ಅವರನ್ನು ನೋಡಲು ಹೋಗಬಹುದಿತ್ತು. ಹೋಗಲಿಲ್ಲ. ಅದಕ್ಕೆ ನನ್ನಲ್ಲಿ ನೆಪವೂ ಇಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದಾಗ ಹದಿನೈದು ದಿನ ಕಳೆದುಹೋಗಿತ್ತು. ಅವರ ಬಾಡಿಗೆ ಕೋಣೆಯನ್ನು ಹುಡುಕಿಕೊಂಡು ಹೋದೆ. ಮನೆಯೊಡತಿ ಒಂದು ಚೀಲ ತೋರಿಸಿದರು. ಅದರ ತುಂಬ ಮೇಷ್ಟ್ರು ಪಾಠಕ್ಕೆಂದು ಬರೆದುಕೊಂಡ ನೋಟ್ ಪುಸ್ತಕಗಳು.

“ಸಂಬಂಧಿಕ್ರು ಬಂದ್ರ ಕೊಡಬೇಕಂತ ಇಟ್ಟೀನ್ರಿ. ನೀವು ಅವರಿಗೆ ಏನಾಗಬೇಕ್ರಿ?”

“ಏನೂ ಆಗಲ್ಲ ಕಣಮ್ಮ,” ಎಂದುಬಿಟ್ಟೆ. “ಅವ್ರ ಹತ್ರ ಓದಿದ್ದೆ, ಅಷ್ಟೇ.”

“ಹಂಗಾರ ಹೆಂಗ ಕೊಡಲ್ರಿ?” ಎಂದು ಆಕೆ ಚೀಲವನ್ನು ಒಳಗೆ ಎಳೆದುಕೊಂಡರು. ತಪ್ಪು ಆಕೆಯದಲ್ಲ. ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ. ಕಲ್ಯಾಣದುರ್ಗ ದಾಟುವ ಹೊತ್ತಿಗೆ, ಅಂದು ಅಜ್ಜಿಯ ಸಾಲು ತೆಗೆದವಳು ಇಂದು ನನ್ನದನ್ನೇ ತೆಗೆದು ಬಂದಿದ್ದೇನೆ ಎಂದು ಅರಿವಾಗಿ ಅಳು ತಡೆಯಲಾಗಲಿಲ್ಲ. ಮುಂದಿನ ವಾರ ಮತ್ತೆ ಹೋದೆ. ಚೀಲವನ್ನು ಆಗಲೇ ಹಳೇ ಪೇಪರಿನವನಿಗೆ ಹಾಕಿದ್ದರು.

ಆ ಫೈಲು ಇನ್ನೂ ನನ್ನ ಹತ್ತಿರವಿದೆ. ನಮ್ಮ ಮನೆತನವೆಲ್ಲ ಮುಗಿದಮೇಲೆ ಕೊನೆಯಲ್ಲಿ ಅವರ ಒಂಟಿ ಸಾಲು. ಅದರ ಕೆಳಗೆ ಇನ್ನೊಂದು ಬರೆದೆ, ಮೇಷ್ಟ್ರು ಅಗಳಿಯವರಿಗೆ ಕಲಿಸಿದರು ಎಂದು. ಆಮೇಲೆ, ಮೇಷ್ಟ್ರು ಯಾರಿಗೆ ಕಲಿಸಿದರು ಎಂದು ಕೇಳಿದೆ.

ಯಂತ್ರ ನನ್ನ ಹಾಗೆ ‘ಏನೂ ಆಗಲ್ಲ’ ಎನ್ನಲಿಲ್ಲ. ಅಗಳಿಯವರಿಗೆ, ಎಂದಿತು.