ಅಣ್ಣನ ಕಣ್ಣಿಗೆ ಎರಡನೇ ಚೊಗರು

ನಿನ್ನೆ ಹೊನ್ನಾಳಿಯ ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಒಬ್ಬರು ಕಣ್ಣಿಗೆ ಹಾಕುವ ಹನಿಯ ಖಾಲಿ ಬಾಟಲಿ ತೋರಿಸಿ, "ಇಂಥದೇ ಇನ್ನೊಂದು ಕೊಡ್ರಿ" ಎಂದರು. ಅಂಗಡಿಯವರು ಕೊಟ್ಟೇಬಿಟ್ಟರು. ಡಾಕ್ಟರ ಚೀಟಿ ಕೇಳಿ ಗಿರಾಕಿಯ ಮನಸ್ಸು ನೋಯಿಸುವಷ್ಟು ಒರಟರು ನಮ್ಮ ಕಡೆ ಅಂಗಡಿ ಇಡುವುದಿಲ್ಲ ನೋಡಿ. ನನಗೆ ಚನ್ನಗಿರಿಯಲ್ಲಿರುವ ನಮ್ಮಣ್ಣ ನೆನಪಾದ.

ಅಣ್ಣ ಅಡಿಕೆ ವ್ಯಾಪಾರಿ. ಮಾಲಿನ ಬಣ್ಣ ನೋಡಿ ದರ ಹೇಳುವುದೇ ಅವನ ಬದುಕು. ಆ ಘನತೆಗೆ ಕನ್ನಡಕವೊಂದು ಅಡ್ಡ. "ಸೋಡಾಬುಡ್ಡಿ ಹಾಕ್ಕೊಂಡು ಅಡಿಕೆ ನೋಡಿದ್ರೆ ಯಾವ ರೈತ ನಂಬ್ತಾನೆ?" ಎಂದು ಕೇಳುತ್ತಿದ್ದ, ಅದೂ ಅವನಿಗಿಂತ ದಪ್ಪ ಕನ್ನಡಕದ ತಂಗಿಯಾದ ನನ್ನನ್ನು. ಕೊನೆಗೆ ದಾವಣಗೆರೆಯಲ್ಲಿ ಲೇಸರ್ ಮಾಡಿಸಿಕೊಂಡು ಬಂದ. ಬಂದವನು ಬೀದಿಯಲ್ಲಿ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿದ್ದೇ ಓದಿದ್ದು. ನಾವೆಲ್ಲ ಅನಕ್ಷರಸ್ಥರು, ಪಾಪ.

ಡಾಕ್ಟರು ಸ್ಟಿರಾಯ್ಡ್ ಹನಿ ಕೊಟ್ಟಿದ್ದರು, ಸ್ವಲ್ಪ ದಿನಕ್ಕೆ ಮಾತ್ರ. ಆದರೆ ನಮ್ಮ ಅಡಿಕೆಯವರ ಶಾಸ್ತ್ರವೇ ಬೇರೆ. ಬೇಯಿಸಿದ ಅಡಿಕೆಗೆ ಬಣ್ಣ ಏರಲೆಂದು ಚೊಗರು ಹಾಕುತ್ತಾರೆ, ಅಡಿಕೆ ಬೆಂದ ಕೆಂಪು ಕಷಾಯವನ್ನು. ಹೊಳಪು ಸಾಲದಿದ್ದರೆ ಇನ್ನೊಂದು ಸಲ. ಹನಿಯ ಗಡುವು ಮುಗಿದ ಮೇಲೆ ಅಣ್ಣನ ಕಣ್ಣು ಕೊಂಚ ಮಬ್ಬಾಯಿತು.

"ಡಾಕ್ಟ್ರಿಗೆ ತೋರ್ಸಣ್ಣಾ," ಎಂದೆ.

"ತೋರ್ಸಾಕೆ ಏನೈತೆ? ಹನಿ ಸಾಲ್ದು. ಇನ್ನೊಂದು ಚೊಗರು ಬಿದ್ರೆ ಸರಿಯಾಗ್ತೈತೆ."

ಖಾಲಿ ಬಾಟಲಿ ತೋರಿಸಿ ಅಂಗಡಿಯಿಂದ ಇನ್ನೊಂದು ತಂದ. ಹನಿ ಬಿದ್ದಷ್ಟೂ ಮಬ್ಬು ಹೆಚ್ಚಿತು, ಮಬ್ಬು ಹೆಚ್ಚಿದಷ್ಟೂ ಹನಿ ಬಿತ್ತು. ಅತ್ತಿಗೆ ಪೂಜೆಯಷ್ಟೇ ಭಕ್ತಿಯಿಂದ ರೆಪ್ಪೆ ಬಿಡಿಸಿ ಹಾಕುತ್ತಿದ್ದರು. ಒಂದು ದಿನ ತ್ಯಾವಣಿಗೆಯ ರೈತನೊಬ್ಬನ ಮನೆಯಲ್ಲಿ ಅಣ್ಣ ಬೂಷ್ಟು ಹಿಡಿದ ರಾಶಿಯ ಮುಂದೆ ಕೂತು "ಒಳ್ಳೆ ಮಾಲು" ಎಂದನಂತೆ. ರೈತನೇ ಮುಜುಗರದಿಂದ, "ಸಾವ್ಕಾರ್ರೇ, ಅದು ಬಿಸಾಡಾಕೆ ಇಟ್ಟಿದ್ದು ರೀ" ಎಂದನಂತೆ. ಮರುದಿನ ಅಣ್ಣ ತಾನಾಗಿ ನನ್ನನ್ನು ಕರೆದುಕೊಂಡು ದಾವಣಗೆರೆ ಬಸ್ಸು ಹತ್ತಿದ.

ಡಾಕ್ಟರು ಬೈಯಲಿಲ್ಲ. "ಹನಿಯಿಂದಲೇ ಕಣ್ಣೊಳಗಿನ ಒತ್ತಡ ಏರಿದೆ. ಲೇಸರ್ ಮಾಡಿದ ಕಾರ್ನಿಯಾದ ಪದರದ ಕೆಳಗೆ ನೀರು ತುಂಬಿದೆ, ಅದಕ್ಕೇ ಮಬ್ಬು. ನೀರು ಇಳಿಯುತ್ತೆ. ಒತ್ತಡಕ್ಕೆ ಹಾಳಾದ ನರ ಮಾತ್ರ ಸರಿಹೋಗಲ್ಲ. ಈ ಹನಿ ಇವತ್ತೇ ನಿಲ್ಲಿಸಿ."

"ಮಬ್ಬು ಹೋದ ಮೇಲೆ ನಿಲ್ಸಿದ್ರೆ ನಡಿಯಲ್ವಾ ಸಾರ್?" ಎಂದ ನಮ್ಮಣ್ಣ.

ನೀರು ಇಳಿಯಿತು. ಎಡಗಣ್ಣಿನ ನೋಟ ಬಹುಪಾಲು ಹೋಗಿಯೇಬಿಟ್ಟಿತು. ಬಲಗಣ್ಣಿಗೆ ಬಣ್ಣಗಳೆಲ್ಲ ಮಾಸಿದಂತೆ ಕಾಣುತ್ತವಂತೆ.

ಇವತ್ತು ಬೆಳಿಗ್ಗೆ ಚನ್ನಗಿರಿಗೆ ಹೋದೆ. ಅಂಗಡಿಯಲ್ಲಿ ರೈತನೊಬ್ಬ ಮಾಲು ತಂದು ಕಾಯುತ್ತಿದ್ದ. ಅಣ್ಣ ಒಂದು ಹಿಡಿ ಅಡಿಕೆ ನನ್ನ ಅಂಗೈಗೆ ಸುರಿದು, ರೈತನಿಗೆ ಕೇಳಿಸದಂತೆ, "ಹೆಂಗೈತೆ ನೋಡಮ್ಮ, ಕೆಂಪೈತಾ?" ಎಂದ. ಅಣಕಿಸಲು ನನಗೆ ಮನಸ್ಸು ಬರಲಿಲ್ಲ. ಕನ್ನಡಕ ಸರಿಮಾಡಿಕೊಂಡು ನೋಡಿದೆ, ಕೆಂಪಗೇ ಇತ್ತು. "ಕೆಂಪೈತಣ್ಣಾ," ಎಂದೆ.

ಅವನು ರೈತನ ಕಡೆ ತಿರುಗಿ, "ಒಳ್ಳೆ ಕೆಂಪು ಮಾಲು," ಎಂದು ಗಟ್ಟಿಯಾಗಿ ದರ ಹೇಳಿಬಿಟ್ಟ. ನನ್ನನ್ನು ಇನ್ನೊಮ್ಮೆ ಕೇಳಲೂ ಇಲ್ಲ. ನನಗೆ ಅಳು ಬಂತು.