ನನ್ನ ಗಿಟಾರು, ತಂಗಿಯ ಮಿಕ್ಸಿಂಗ್

ಹೈದರಾಬಾದಿನಲ್ಲಿ ಹೆವಿ ಮೆಟಲ್ ನುಡಿಸುವವರು ಆಗ ಬೆರಳೆಣಿಕೆಯಷ್ಟು ಮಂದಿ. ನಮ್ಮ ಬ್ಯಾಂಡಿನಲ್ಲಿ ಗಿಟಾರು ನನ್ನದು. ಹಾಡುವವನೂ ಡ್ರಮ್ಸ್ ಬಾರಿಸುವವನೂ ಕಾಲೇಜಿನಿಂದ ಜೊತೆಗಿದ್ದ ಗೆಳೆಯರು. ರೆಕಾರ್ಡ್ ಮಾಡಿದ ಹಾಡುಗಳನ್ನು ಮಿಕ್ಸ್ ಮಾಡುವ, ಅಂದರೆ ಬಿಡಿಬಿಡಿಯಾಗಿ ಹಿಡಿದ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸವೂ ನನ್ನದೇ ಆಗಿತ್ತು. ಅದನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ, ಕಂಪ್ಯೂಟರ್ ನಮ್ಮ ಮನೆಯಲ್ಲಿತ್ತು, ಅಷ್ಟೆ.

ಮನೆ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ. ಅಪ್ಪ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಇಡೀ ದಿನ ಪಡಸಾಲೆಯಲ್ಲೇ ಇರುತ್ತಿದ್ದರು. ನಾನು ಸ್ಪೀಕರ್ ಹಚ್ಚಿದರೆ ಸಾಕು, ಅಡುಗೆಮನೆಯ ಕಡೆ ತಿರುಗಿ, "ಮಿಕ್ಸರ್ ಕೆಟ್ಟೈತೇನ ನೋಡ," ಎಂದು ಅವ್ವನಿಗೆ ಹೇಳುತ್ತಿದ್ದರು.

ಅಬಿಡ್ಸ್ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪತ್ರಿಕೆಯೊಂದರಲ್ಲಿ ಕಂಪ್ರೆಸರ್ ಬಗ್ಗೆ ಓದಿದ್ದೆ. ಜೋರಾದ ಸದ್ದನ್ನು ತಗ್ಗಿಸಿ, ಮೆಲ್ಲನೆಯದನ್ನು ಎತ್ತಿ, ಎರಡನ್ನೂ ಒಂದು ಮಟ್ಟಕ್ಕೆ ತರುವ ಸಾಧನ ಅದು. ಓದಿದ ಮೇಲೆ ಕೈ ನಿಲ್ಲಲಿಲ್ಲ. ಸದ್ದನ್ನು ಒಡೆದು ಒರಟಾಗಿಸುವ ಡಿಸ್ಟಾರ್ಷನ್ ಹಾಕಿ ಗರ್ಜಿಸುವಂತೆ ನುಡಿಸಿದ ಗಿಟಾರಿನ ಪ್ರತಿ ಟ್ರ್ಯಾಕಿಗೂ ಕಂಪ್ರೆಸರ್ ಹಾಕಿದೆ. ಸಾಲದೆನಿಸಿ ಮೇಲೆ ಇನ್ನೊಂದು ಹಾಕಿದೆ. ಗಿಟಾರು ದೊಡ್ಡದಾಗುತ್ತದೆ ಎಂದುಕೊಂಡಿದ್ದೆ. ಅದು ಹಿಂದೆ ಹಿಂದೆ ಸರಿಯಿತು. ತಂತಿಗೆ ಪೆಟ್ಟು ಬೀಳುವ ಸದ್ದು ಮಾಯವಾಗಿ, ಹಿಂದಿನ ಸುಯ್ ಎನ್ನುವ ಗದ್ದಲ ಮುಂದೆ ಬಂತು.

ಹಾಡುವ ಗೆಳೆಯ ಕೇಳಿ, "ಡಬ್ಬೇ ಮೇ ಮಚ್ಛರ್ ಹೈ ಯಾರ್," ಅಂದ. ಡಬ್ಬಿಯೊಳಗಿನ ಸೊಳ್ಳೆ! ನಾನು ನಕ್ಕೆನಾದರೂ ಅವತ್ತು ಊಟ ಸೇರಲಿಲ್ಲ.

ನನ್ನ ತಂಗಿ ಆಗ ಸಿಕಂದರಾಬಾದಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ತೆಲುಗು ಭಜನೆಗಳು, ಸೀರೆ ಅಂಗಡಿಯ ಜಾಹೀರಾತುಗಳು, ಇವೇ ಅಲ್ಲಿ ತಯಾರಾಗುತ್ತಿದ್ದುದು. ಹಾಡುಗಳನ್ನು ಸಿಡಿಗೆ ಇಳಿಸಿಕೊಂಡು ಬಾ ಎಂದು ಅವಳ ಕೈಗೆ ಬಿಡಿ ಟ್ರ್ಯಾಕುಗಳೂ ಸೇರಿದಂತೆ ಎಲ್ಲ ಫೈಲುಗಳನ್ನು ಕೊಟ್ಟಿದ್ದೆ. ಅವಳು ಇಳಿಸಿಕೊಂಡು ಬಂದಳು. ಮುಂದಿನ ಭಾನುವಾರ ಗೆಳೆಯರು ಬಂದಾಗ ಇನ್ನೊಂದು ಸಿಡಿಯನ್ನೂ ಹೊರತೆಗೆದಳು.

"ನಾನೂ ಒಂದ ಮಿಕ್ಸ್ ಮಾಡೀನ್ರಿ. ಕೇಳ್ತೀರೇನು?"

ಕೇಳಿದೆವು. ಗಿಟಾರು ಶುರುವಾದ ಕೂಡಲೇ ಡ್ರಮ್ಸ್‌ನವನು ಕುಳಿತಲ್ಲಿಂದ ಎದ್ದ. ಹಾಡುವವನು ಅವಳ ಮುಖ ನೋಡಿದ, ನನ್ನ ಮುಖ ನೋಡಲಿಲ್ಲ. ನುಡಿಸಿದ್ದು ನನ್ನವೇ ಕೈಗಳು, ಆದರೆ ಆ ಸದ್ದು ಎದೆಗೆ ಬಂದು ಗುದ್ದುತ್ತಿತ್ತು. ಅಷ್ಟರಲ್ಲಿ ಪಡಸಾಲೆಯಿಂದ ಅಪ್ಪ, "ಇವತ್ತ ಚಲೋ ಬಾರಿಸಾಕತ್ತೀಯಲ್ಲೋ!" ಎಂದರು. ಅಪ್ಪ ನನ್ನ ಸಂಗೀತಕ್ಕೆ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಅದೂ ಅವಳ ಪಾಲಿನದು.

ಅವಳ ಮಿಕ್ಸೇ ಇರಲಿ ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ನಾನು ಹೂಂ ಅಂದೆ. ಸ್ಟುಡಿಯೋದಲ್ಲಿ ಒಳ್ಳೆಯ ಸಾಮಾನು ಇರುತ್ತದೆ, ಅದರಿಂದಾಗಿಯೇ ಹೀಗೆ ಬಂತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲ್ಕು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ತಡೆಯಲಾರದೆ ಸಿಕಂದರಾಬಾದಿನ ಬಸ್ಸು ಹತ್ತಿ ಅವಳ ಸ್ಟುಡಿಯೋಕ್ಕೇ ಹೋದೆ.

"ಗಿಟಾರಿಗೆ ಯಾವ ಕಂಪ್ರೆಸರ್ ಹಾಕೀದಿ?"

"ಹಾಕಿಲ್ಲ. ನೀ ಹಾಕಿದ್ದನ್ನ ತಗದೀನಿ."

"ಯಾವುದನ್ನ?"

"ಎಲ್ಲಾನೂ," ಅಂದಳು. ನನಗೆ ನಂಬಿಕೆ ಬರಲಿಲ್ಲ. ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿತು. ಅವಳು ನಕ್ಕು ಪರದೆಯ ಮೇಲೆ ಸದ್ದಿನ ಎರಡು ಅಲೆಗಳನ್ನು ತೋರಿಸಿದಳು. ಒಂದು ಭಜನೆ ಹಾಡಿದವರ ದನಿ, ಏರಿಳಿತ ತುಂಬಿದ್ದು. ಇನ್ನೊಂದು ನನ್ನ ಗಿಟಾರು, ಇಸ್ತ್ರಿ ಹಾಕಿದ ಪಟ್ಟಿಯಂತೆ ಸಪಾಟು.

"ಹಾಡೋರು ಮೈಕಿನ ಹಂತೇಲಿ ಬರ್ತಾರ, ದೂರ ಸರೀತಾರ. ಅವರಿಗೆ ಕಂಪ್ರೆಸರ್ ಬೇಕಾಗತೈತಿ. ನಿನ್ನ ಗಿಟಾರನ್ನ ಡಿಸ್ಟಾರ್ಷನ್ನೇ ಮೊದಲ ಹಿಂಡಿ ಇಟ್ಟೈತಿ ಅಣ್ಣಾ. ಮತ್ತ ಹಿಂಡಿದ್ರ ಏನ ಉಳೀತೈತಿ?"

ಆಮೇಲೆ, ಅಂಗೈ ಒತ್ತಿ ತಂತಿ ಬಡಿಯುವಾಗ ಕೆಳಗಿನಿಂದ 'ಧಂ' ಎಂದು ಉಬ್ಬಿ ಬರುವ ಸದ್ದನ್ನು ಕೇಳಿಸಿದಳು. ಆ ತಳದ ಸದ್ದಿಗಷ್ಟೇ ಚೂರು ಕಂಪ್ರೆಸರ್ ಇಟ್ಟಿದ್ದಳು, ಅದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೇಲಿನದನ್ನು ಮುಟ್ಟಿರಲಿಲ್ಲ. ಕೇಳಿದರೆ ಎಷ್ಟು ಸುಲಭ! ಆ ಸುಲಭವೇ ನನ್ನನ್ನು ಹೆಚ್ಚು ಸುಟ್ಟಿತು. ಕಷ್ಟದ ವಿದ್ಯೆಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು.

ಆ ಸಿಡಿ ಊರಿನ ಬೇರೆ ಬ್ಯಾಂಡುಗಳ ಕೈಗೆ ಹೋಯಿತು. ಫೋನುಗಳು ಬರತೊಡಗಿದವು. "ಗಿಟಾರ್ ಮಿಕ್ಸ್ ಚೇಸಿಂದಿ ಎವರಂಡಿ?" ಎಂದು ತೆಲುಗಿನಲ್ಲಿ ಕೇಳುವರು, ಮಾಡಿದ್ದು ಯಾರೆಂದು. ತಂಗಿಯನ್ನು ಕರೆದು ಫೋನು ಕೊಡುವುದು ನನ್ನ ಕೆಲಸವಾಯಿತು. ಒಮ್ಮೆ ಅವಳು ಮಾತಾಡುತ್ತಲೇ ನನ್ನ ಕಡೆ ತಿರುಗಿ, "ಇವರ ಗಿಟಾರಿನವ ಕೈ ಕೊಟ್ಟಾನಂತ. ನೀ ಬಾರಸ್ತೀಯೇನು?" ಎಂದಳು.

ಅವಳ ಸ್ಟುಡಿಯೋಕ್ಕೆ ಹೋಗಿ ಬಾರಿಸಿದೆ. ಗಾಜಿನ ಆಚೆ ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುಗಿದ ಮೇಲೆ, "ಇನ್ನೊಮ್ಮೆ ಬಾರ್ಸು ಅಣ್ಣಾ, ಕೈ ಸ್ವಲ್ಪ ಗಟ್ಟಿ ಇರ್ಲಿ," ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಹಲ್ಲು ಕಚ್ಚಿಕೊಂಡು, ಇನ್ನೂ ಗಟ್ಟಿಯಾಗಿ ಬಾರಿಸಿದೆ.